ಕೈಗೊಂದು ಕೆಲಸ, ಮಾತಿಗೊಂದು ಬೆಲೆ

ತುಮಕೂರು ಜಿಲ್ಲೆಯ ಹುಳಿಯಾರು ಸೀಮೆಯಲ್ಲಿ ಕೊಬ್ಬರಿ ಆಗಿದೆಯೋ ಇಲ್ಲವೋ ಎಂಬುದನ್ನು ಕಿವಿಯಿಂದ ತಿಳಿಯುತ್ತಾರೆ. ತೋಟದಿಂದ ಬಂದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದರೆ ಎಂಟು ತಿಂಗಳೋ, ಹತ್ತು ತಿಂಗಳೋ, ಕೆಲವು ಸಲ ವರ್ಷವೋ ಅಲ್ಲೇ ಒಣಗುತ್ತದೆ. ಒಳಗಿನ ನೀರು ಇಂಗುತ್ತದೆ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರು ಕುಲುಕಿದರೆ ಇನ್ನೂ ಕಾಯಬೇಕು, ಉಂಡೆ ಗಟಗಟ ಎಂದರೆ ಸುಲಿಯಬಹುದು. ಎರಡರ ನಡುವೆ ಇನ್ನೂ ಹಲವು ಸದ್ದುಗಳಿವೆ, ಅವನ್ನು ಹಿಡಿಯಬೇಕಾದರೆ ಹತ್ತಾರು ವರ್ಷ ಅಟ್ಟ ಹತ್ತಿ ಇಳಿದಿರಬೇಕು. ಅಂಥ ಕಿವಿಯುಳ್ಳ ಎಂಬತ್ತರ ಯಜಮಾನರೊಬ್ಬರನ್ನು ವೃದ್ಧಾಶ್ರಮಕ್ಕೆ ತಂದು ಬಿಟ್ಟೆವು ಎಂದುಕೊಳ್ಳೋಣ. ಅಲ್ಲಿ ಮಂಚವಿದೆ, ಹೊತ್ತಿಗೆ ಸರಿಯಾಗಿ ಊಟವಿದೆ, ಮಾತ್ರೆಯಿದೆ, ಗೋಡೆಯ ಮೇಲೊಂದು ಟಿ.ವಿ. ಇದೆ. ಆದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವರನ್ನು ಯಾರೂ ಏನನ್ನೂ ಕೇಳುವುದಿಲ್ಲ. "ಊಟ ಆಯ್ತಾ ತಾತ?" ಎಂಬುದೊಂದೇ ಪ್ರಶ್ನೆ, ಅದರ ಉತ್ತರಕ್ಕೂ ಯಾರೂ ನಿಲ್ಲುವುದಿಲ್ಲ. ವೃದ್ಧಾಶ್ರಮದ ಬದುಕನ್ನು ಹಸನು ಮಾಡುವ ಹೊಸ ದಾರಿಗಳ ಬಗ್ಗೆ ಯೋಚಿಸುವವರು ಈ ಕೊರತೆಯಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ. ಕಟ್ಟಡ, ಟೈಲ್ಸು, ಯಂತ್ರಗಳೆಲ್ಲ ಆಮೇಲೆ. ಮೊದಲು ಬೇಕಾದ್ದು ಅಲ್ಲಿರುವವರ ಕೈಗೊಂದು ಕೆಲಸ, ಮಾತಿಗೊಂದು ಬೆಲೆ.

ಇದು ದೊಡ್ಡ ನಗರದವರ ಚಿಂತೆ, ನಮ್ಮ ಕಡೆಗೆ ಯಾಕೆ ಎನ್ನುವ ಕಾಲ ಮುಗಿಯಿತು. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ ಮಂದಿ ಇದ್ದರು, ದೇಶದ ಸರಾಸರಿ 8.6. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಪ್ರಕಾರ 2050ಕ್ಕೆ ಭಾರತದಲ್ಲಿ ಪ್ರತಿ ಐವರಲ್ಲಿ ಒಬ್ಬರು ಅರವತ್ತು ಮೀರಿದವರಾಗಿರುತ್ತಾರೆ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ಹಳ್ಳಿಗಳಿಗೆ ಈ ಲೆಕ್ಕ ಇನ್ನಷ್ಟು ಬಿಗಿಯಾಗಿ ಬಂದು ಕೂರುತ್ತದೆ, ಏಕೆಂದರೆ ಇಲ್ಲಿನ ಹರೆಯ ಬೆಂಗಳೂರಿನಲ್ಲಿದೆ. ತೆಂಗು ಒಂದು ಬಗೆಯಲ್ಲಿ ಅದಕ್ಕೆ ಅನುಕೂಲ ಮಾಡಿಕೊಟ್ಟ ಬೆಳೆ. ರಾಗಿ ಹೊಲದ ಹಾಗೆ ದಿನ ಬೆಳಗಾದರೆ ಆಳು ಬೇಡುವುದಿಲ್ಲ, ನೀರಿದ್ದರೆ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದ್ದು ತೋಟ ನೋಡಿಕೊಳ್ಳಬಹುದು. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಸರ್ಕಾರದ ಉತ್ತರ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿದೆ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ರಾಜ್ಯಗಳು ತೆರೆಯಬಹುದು ಎನ್ನುತ್ತದೆ ಅದರ 19ನೇ ಕಲಮು. ಉದ್ದೇಶ ಒಳ್ಳೆಯದೇ. ಆದರೆ ಹುಳಿಯಾರಿನ ಒಬ್ಬ ಅಜ್ಜಿಯನ್ನು ತುಮಕೂರಿನಲ್ಲಿ ಗುರುತಿಲ್ಲದ 149 ಜನರ ನಡುವೆ ಕೂರಿಸಿದರೆ ನೋಡಲು ಹೋಗಿಬರುವುದಕ್ಕೇ ಅರ್ಧ ದಿನ ಬೇಕು. ಊರವರು ಒಂದು ಸಲ ಹೋಗುತ್ತಾರೆ, ಎರಡು ಸಲ ಹೋಗುತ್ತಾರೆ, ಮೂರನೆಯ ಸಲಕ್ಕೆ ಬಸ್ಸು ತಪ್ಪುತ್ತದೆ.

ಕೆಲಸ, ಮಾತು ಎಂದೆನಲ್ಲ, ಅದು ಬರೀ ಭಾವುಕತೆಯಲ್ಲ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಕನೆಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಮಾಡಿದ ಬಹಳ ಸರಳವಾದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ ನಿಮ್ಮ ಕೋಣೆ ಹೇಗಿರಬೇಕು, ಯಾವ ದಿನ ಸಿನಿಮಾ ನೋಡಬೇಕು ಎಂಬುದು ನಿಮಗೇ ಬಿಟ್ಟದ್ದು ಎಂದು ಹೇಳಿ, ಬೇಕಾದ ಗಿಡವೊಂದನ್ನು ಆರಿಸಿಕೊಂಡು ತಾವೇ ನೀರು ಹಾಕಿ ಸಾಕಲು ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರನ್ನು ನರ್ಸುಗಳು ಹಾಕುತ್ತಾರೆ ಎಂದರು. ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುವುದು ನಮ್ಮ ಹೊಣೆ ಎಂದು ಪ್ರೀತಿಯಿಂದಲೇ ಹೇಳಿದರು. ಕೆಲವೇ ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಹೆಚ್ಚು ಬೆರೆಯುವವರಾಗಿ ಕಂಡರು. ಹದಿನೆಂಟು ತಿಂಗಳ ಮೇಲೆ ನೋಡಿದರೆ ಅವರಲ್ಲಿ 47ಕ್ಕೆ 7 ಜನ, ಇನ್ನೊಂದು ಕಡೆ 44ಕ್ಕೆ 13 ಜನ ತೀರಿಕೊಂಡಿದ್ದರು. ಈ ಸಾವಿನ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಗುಂಪುಗಳು ಸಣ್ಣವು, ಲೆಕ್ಕದಲ್ಲಿ ಆದ ತಪ್ಪಿಗೆ ಸಂಶೋಧಕರೇ 1978ರಲ್ಲಿ ತಿದ್ದುಪಡಿ ಪ್ರಕಟಿಸಿದರು. ಗಿಡ ಸಾಕಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಬೋರ್ಡು ಬರೆಸುವಷ್ಟು ಪುರಾವೆ ಅದಲ್ಲ. ಆದರೆ ಇರುವಷ್ಟು ದಿನ ಮನುಷ್ಯ ಗೆಲುವಾಗಿರಲು ಒಂದು ಸಣ್ಣ ಹೊಣೆಯೂ ಸಾಕಾಗಬಹುದು ಎಂಬುದಕ್ಕೆ ಅದು ಪುರಾವೆ.

1976ರಲ್ಲೇ ರಿಚರ್ಡ್ ಶುಲ್ಜ್ ಎಂಬ ಇನ್ನೊಬ್ಬ ಸಂಶೋಧಕರು ಪ್ರಕಟಿಸಿದ ಪ್ರಯೋಗ ನಮ್ಮವರಿಗೆ ಇನ್ನೂ ಹತ್ತಿರದ್ದು. ಕಾಲೇಜು ವಿದ್ಯಾರ್ಥಿಗಳು ವೃದ್ಧಾಶ್ರಮಕ್ಕೆ ಬಂದು ಹಿರಿಯರೊಡನೆ ಮಾತಾಡಿ ಹೋಗುವ ಏರ್ಪಾಟು ಅದು. ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಎಂದು ಹಿರಿಯರೇ ಗೊತ್ತುಮಾಡಿದ ಕಡೆ, ಇಲ್ಲವೇ ಬರುವ ಹೊತ್ತು ಮುಂಚೆಯೇ ಗೊತ್ತಿದ್ದ ಕಡೆ ಅವರ ಆರೋಗ್ಯವೂ ಉತ್ಸಾಹವೂ ಮೇಲಾದವು. ಯಾವಾಗಲೋ ದಿಢೀರನೆ ಬಂದುಹೋದ ಕಡೆ ಅಷ್ಟು ಫಲ ಸಿಗಲಿಲ್ಲ. ಪ್ರಯೋಗ ಮುಗಿದು ಹುಡುಗರು ಬರುವುದು ನಿಂತಿತು. ಎರಡು ವರ್ಷ ಕಳೆದು ನೋಡಿದರೆ, ಮೊದಲು ಸುಧಾರಿಸಿದ್ದವರೇ ಹೆಚ್ಚು ಕುಗ್ಗಿಹೋಗಿದ್ದರು. ಇದನ್ನು ಓದಿದಾಗ ನಮ್ಮ ವೃದ್ಧಾಶ್ರಮಗಳಿಗೆ ಬರುವ ಹುಟ್ಟುಹಬ್ಬದ ಮೆರವಣಿಗೆ ಕಣ್ಣಿಗೆ ಕಟ್ಟುತ್ತದೆ. ಯಾರದೋ ಹುಟ್ಟಿದ ದಿನಕ್ಕೆ, ಯಾರದೋ ಮದುವೆಯ ವಾರ್ಷಿಕೋತ್ಸವಕ್ಕೆ ಹೋಳಿಗೆ ಊಟ, ಹಣ್ಣು, ಕಂಬಳಿ, ಒಂದು ಗ್ರೂಪ್ ಫೋಟೊ. ಕೊಡುವವರ ಮನಸ್ಸು ಖಂಡಿತ ದೊಡ್ಡದು, ಅವರ ದುಡ್ಡಿಲ್ಲದೆ ಎಷ್ಟೋ ಆಶ್ರಮಗಳ ಒಲೆ ಉರಿಯುವುದಿಲ್ಲ. ಆದರೂ ಬಂದ ಮಗುವಿನ ಹೆಸರು ಕೇಳುವಷ್ಟರಲ್ಲಿ ಕಾರು ಹೊರಟಿರುತ್ತದೆ, ಆ ಮಗು ಮತ್ತೆ ಬರುವುದಿಲ್ಲ. ಆ ದಾನಿಗಳೇ ವರ್ಷಕ್ಕೊಮ್ಮೆ ಹೋಳಿಗೆ ಹಾಕಿಸುವ ಬದಲು ತಿಂಗಳಿಗೆರಡು ಸಲ, ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು ಒಬ್ಬರೇ ಹಿರಿಯರ ಜೊತೆ ಒಂದು ಗಂಟೆ ಕೂತು ಪೇಪರ್ ಓದಲಿ, ಪಗಡೆಯಾಡಲಿ. ಊರು ಬಿಟ್ಟು ಹೋಗುವುದಾದರೆ ತಮ್ಮ ಬದಲಿಗೆ ಬರುವವರನ್ನು ಕರೆತಂದು ಪರಿಚಯಿಸಿ ಹೋಗಲಿ.

ಇನ್ನು ಕೆಲಸ. ತೆಂಗಿನ ಸೀಮೆಯಲ್ಲಿ ಕೂತಲ್ಲೇ ಮಾಡುವ ಕೆಲಸಕ್ಕೆ ಬರವಿಲ್ಲ. ಬಿದ್ದ ಗರಿಯೊಂದನ್ನು ಎಳೆದು ತಂದು ಮುಂದೆ ಹಾಕಿದರೆ ಎಂಬತ್ತರ ಅಜ್ಜಿಯ ಕೈ ತಾನಾಗಿಯೇ ಶುರುವಾಗುತ್ತದೆ. ಎಡಗೈಯಲ್ಲಿ ಒಂದು ಎಲೆ ಹಿಡಿದು, ಬುಡದಲ್ಲಿ ಚಾಕು ತಾಗಿಸಿ, ಸರ್ರನೆ ಎಳೆದರೆ ಹಸಿರು ಒಂದು ಕಡೆ, ಕಡ್ಡಿ ಒಂದು ಕಡೆ. ಎಳಸು ಕಡ್ಡಿ ಬೇರೆ, ಬಲಿತದ್ದು ಬೇರೆ. ಹಿಡಿ ತುಂಬಿದ ಮೇಲೆ ಬುಡಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ ಬಿಗಿದು ಕಟ್ಟಿದರೆ ಪೊರಕೆ. ಕಣ್ಣು ಮಂಜಾದರೂ ಈ ಕೆಲಸ ನಿಲ್ಲುವುದಿಲ್ಲ, ಬೆರಳಿಗೇ ಅದು ಗೊತ್ತು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಿಡಿಸುವುದು, ಕಾಳು ಹಿಚುಕುವುದು, ಹುಣಸೆ ಬೀಜ ತೆಗೆಯುವುದು, ದೇವರಿಗೆ ಹೂ ಕಟ್ಟುವುದು, ಹಸುವಿಗೆ ಹುಲ್ಲು ಹಾಕುವುದು, ಸಸಿಮಡಿಗೆ ನೀರು ಚಿಮುಕಿಸುವುದು, ಎಲ್ಲವೂ ಇದೇ ಜಾತಿಯವು. ನೆದರ್ಲೆಂಡ್ಸಿನಲ್ಲಿ ಇದನ್ನೇ ಒಂದು ವ್ಯವಸ್ಥೆಯಾಗಿ ಬೆಳೆಸಿದ್ದಾರೆ. ಅಲ್ಲಿ ಸಾವಿರಕ್ಕೂ ಹೆಚ್ಚು ಹೊಲಮನೆಗಳು ವ್ಯವಸಾಯದ ಜೊತೆಗೇ ಹಿರಿಯರ, ಅಶಕ್ತರ ಆರೈಕೆಯನ್ನೂ ಮಾಡುತ್ತವೆ. ಅಂಥ ಹೊಲಮನೆಗಳಲ್ಲೇ ವಾಸವಾಗಿರುವ ಅರಳುಮರಳಿನವರು ಮಾಮೂಲಿ ಆಶ್ರಮದವರಿಗಿಂತ ಹೆಚ್ಚು ಹೊತ್ತು ಮನೆಗೆಲಸದಲ್ಲಿ, ಬಯಲಿನಲ್ಲಿ, ಒಬ್ಬರೊಡನೊಬ್ಬರು ಬೆರೆತು ಇರುತ್ತಾರೆ ಎಂದು ಅಲ್ಲಿನ ಮಾಸ್ಟ್ರಿಕ್ಟ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ನಮ್ಮ ಸೀಮೆಯಲ್ಲಿ ಅಂಥ ಆಶ್ರಮಕ್ಕೆ ಹೊಸದಾಗಿ ಹೊಲ ಹುಡುಕಬೇಕಾಗಿಲ್ಲ. ಯಾವ ಊರ ಹೊರಗೆ ಹೋದರೂ ತೋಟವೇ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರಲೇಬೇಕು. ಜೀವಮಾನವಿಡೀ ದುಡಿದವರಿಗೆ ಕೊನೆಗಾಲದಲ್ಲೂ ದುಡಿಮೆಯೇ? ಬೇರೆಯವರ ತೋಟದಲ್ಲಿ ಕೂಲಿ ಮಾಡಿಯೇ ಬೆನ್ನು ಬಾಗಿದ ಹೆಂಗಸಿಗೆ ಮತ್ತೆ ಗರಿ ಕೊಟ್ಟು ಕೂರಿಸುವುದು ಯಾವ ಆರೈಕೆ? ಈ ಮಾತು ನಿಜ, ಅದಕ್ಕೇ ಎರಡು ಕಟ್ಟುಪಾಡು ಬೇಕು. ಒಲ್ಲೆ ಎಂದವರನ್ನು ಇನ್ನೊಮ್ಮೆ ಕೇಳಬಾರದು, ಒಲ್ಲೆ ಎನ್ನುವುದೂ ಅವರ ಮಾತಿಗೆ ಇರುವ ಬೆಲೆಯೇ. ಮಾರುವ ವಸ್ತು ಮಾಡಿದರೆ ಅದರ ದುಡ್ಡು ಮಾಡಿದವರ ಕೈಗೇ ಹೋಗಬೇಕು, ಆಶ್ರಮದ ಖಾತೆಗಲ್ಲ. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಎಷ್ಟೋ ಅಜ್ಜಿಯರಿಗೆ ಅದು ಬದುಕಿನಲ್ಲಿ ಮೊದಲ ಬಾರಿಗೆ ತಮ್ಮ ಹೆಸರಿಗೇ ಬಂದ ದುಡ್ಡು. ಮೊಮ್ಮಗಳು ಬಂದಾಗ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಕೊಡುವ ಆ ಗತ್ತನ್ನು ಆಶ್ರಮಕ್ಕೆ ಸೇರಿದ ತಕ್ಷಣ ಕಿತ್ತುಕೊಳ್ಳಬಾರದು. ಪೊರಕೆ ಮಾರಿದ ದುಡ್ಡೂ ಆ ಗಂಟಿಗೇ ಸೇರಲಿ. ಕೆಲಸ ಎಂದಾಗ ಕೈಕೆಲಸವೇ ಆಗಬೇಕೆಂದೂ ಇಲ್ಲ. 2023ರಲ್ಲಿ ಕೊಬ್ಬರಿ ಧಾರಣೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಕ್ಕೆ ಕುಸಿಯಿತು, 2025ರಲ್ಲಿ ಇಪ್ಪತ್ತು ಸಾವಿರವನ್ನೂ ದಾಟಿತು. ಈಗ ಮಾರಬೇಕೋ ತಡೆಯಬೇಕೋ ಎಂದು ತಲೆ ಕೆಡಿಸಿಕೊಳ್ಳುವ ಹುಡುಗರಿಗೆ ಇಂಥ ಏಳುಬೀಳನ್ನು ಹತ್ತು ಸಲ ಕಂಡವರ ಮಾತು ಬೇಕು. ತಿಪಟೂರು ಮಾರುಕಟ್ಟೆಯ ಧಾರಣೆಯನ್ನು ದಿನಾ ಬರೆಯುವ ಒಂದು ಕರಿಹಲಗೆ ಆಶ್ರಮದ ಜಗಲಿಯಲ್ಲಿದ್ದರೆ ಸಾಕು, ದಾರಿಹೋಕ ರೈತರೂ ನಿಂತು ನಾಲ್ಕು ಮಾತಾಡಿ ಹೋಗುತ್ತಾರೆ.

ಇನ್ನೊಂದು ಆಕ್ಷೇಪಣೆ ಆಶ್ರಮ ನಡೆಸುವವರದು. ಚಾಕು ಕೊಟ್ಟು ಕೈ ಕೊಯ್ದುಕೊಂಡರೆ? ತೋಟಕ್ಕೆ ಬಿಟ್ಟು ಬಿದ್ದರೆ? ಆಗ ಇಷ್ಟು ದಿನ ಬಾರದಿದ್ದ ನೆಂಟರೆಲ್ಲ ಜಗಳಕ್ಕೆ ಬರುತ್ತಾರೆ. ಭಯ ಸಹಜವೇ. ಆದರೆ ಬೀಳಬಾರದೆಂದು ಕೂರಿಸಿಯೇ ಇಟ್ಟರೆ ಕಾಲಿನ ಮಾಂಸ ಕರಗುತ್ತದೆ, ಕರಗಿದ ಮೇಲೆ ಬಚ್ಚಲಿಗೆ ಹೋಗುವಷ್ಟರಲ್ಲೇ ಬೀಳುತ್ತಾರೆ. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಅಮೆರಿಕದ ಬಾಸ್ಟನ್ನಿನಲ್ಲಿ ಸರಾಸರಿ 87 ವರ್ಷದ ನೂರು ಮಂದಿ ಆಶ್ರಮವಾಸಿಗಳನ್ನು ತೆಗೆದುಕೊಂಡು, ಅವರಲ್ಲಿ ಕೆಲವರಿಗೆ ಹತ್ತು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. 1994ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವ್ಯಾಯಾಮ ಮಾಡಿದವರ ಸ್ನಾಯುಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು, ನಡಿಗೆಯ ವೇಗವೂ ಏರಿತು. ಈ ವಯಸ್ಸಿನಲ್ಲಿ ಇನ್ನೇನು ಎಂಬ ಮಾತು ಸುಳ್ಳು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಯಂತ್ರವೂ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತುವುದು, ದಿನಾ ಬೆಳಿಗ್ಗೆ ಇಷ್ಟು ಸಾಕು, ಒಬ್ಬ ಫಿಸಿಯೋಥೆರಪಿಸ್ಟ್ ಬಂದು ಕ್ರಮ ಹೇಳಿಕೊಟ್ಟು ಹೋದರೆ. ಬಚ್ಚಲಿನಲ್ಲಿ ಹಿಡಿಕೆ, ಜಾರದ ನೆಲ, ರಾತ್ರಿ ದೀಪ, ಇವು ಖರ್ಚಿನ ಬಾಬ್ತೇ ಅಲ್ಲ. ಹಾಗೆಯೇ ಕಿವಿ. ಕಿವಿ ಮಂದವಾದವರನ್ನು ಮಂಕು ಎಂದುಕೊಂಡು ಮಾತು ಬಿಡುತ್ತೇವೆ, ಮಾತು ಬಿಟ್ಟ ಮೇಲೆ ಅವರು ನಿಜಕ್ಕೂ ಮಂಕಾಗುತ್ತಾರೆ. ಅರಳುಮರಳಿಗೆ ದಾರಿ ಮಾಡಿಕೊಡುವ, ಆದರೆ ತಡೆಯಬಹುದಾದ ಕಾರಣಗಳಲ್ಲಿ ಕಿವುಡೂ ಒಂದು ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಹೇಳಿದೆ. ವಾಕ್ ಮತ್ತು ಶ್ರವಣಕ್ಕೆಂದೇ ಮೈಸೂರಿನಲ್ಲಿ ರಾಷ್ಟ್ರೀಯ ಸಂಸ್ಥೆ ಇರುವ ರಾಜ್ಯ ನಮ್ಮದು. ಆಶ್ರಮಕ್ಕೆ ಸೇರಿದ ವಾರದೊಳಗೆ ಕಿವಿ, ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸುವುದು ಸಿ.ಸಿ. ಕ್ಯಾಮರಾ ಹಾಕಿಸುವುದಕ್ಕಿಂತ ಎಷ್ಟೋ ಮುಖ್ಯ.

ಮಾತಿನ ಬೆಲೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಊಟದಲ್ಲಿ. ಹಲ್ಲು ಬಿದ್ದವರಿಗೂ ಮುದ್ದೆ ಒಗ್ಗುತ್ತದೆ, ಅದು ಅಗಿಯುವ ಊಟವಲ್ಲ, ನುಂಗುವ ಊಟ. ಆದರೆ ಬಿಸಿ ಇರಬೇಕು. ದೊಡ್ಡ ಅಡುಗೆಮನೆಯಲ್ಲಿ ನೂರು ಮುದ್ದೆ ಕಟ್ಟಿಟ್ಟು ಬಡಿಸುವ ಹೊತ್ತಿಗೆ ಮೇಲೆಲ್ಲ ಹಕ್ಕಳೆಗಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಆಗ ಅಜ್ಜ ಊಟ ಸೇರುತ್ತಿಲ್ಲ ಎನ್ನುತ್ತಾರೆ, ಯಾರೋ ಟಾನಿಕ್ ಬರೆಯುತ್ತಾರೆ. ಹತ್ತು ಹನ್ನೆರಡು ಮಂದಿಗೊಂದು ಅಡುಗೆ ಒಲೆ, ಇವತ್ತು ಬಸ್ಸಾರೋ ಉಪ್ಪೆಸರೋ ಎಂದು ತೀರ್ಮಾನಿಸುವುದಕ್ಕೆ ಅವರದೇ ಪಂಚಾಯಿತಿ ಇದ್ದರೆ ಅರ್ಧ ಕಾಯಿಲೆ ಇಳಿಯುತ್ತದೆ. ನಮ್ಮಲ್ಲಿ ಒಲೆಯ ಪ್ರಶ್ನೆ ಜಾತಿಯ ಪ್ರಶ್ನೆಯೂ ಹೌದು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾಂಸ ತಿನ್ನದವರ ನೇಮಕ್ಕೆ ಅಡ್ಡಿಯಾಗದಂತೆ ಪಾತ್ರೆ ಬೇರೆ ಇಡಬಹುದು, ಅದು ಅನ್ನದ ಆಯ್ಕೆ. ಪಂಕ್ತಿ ಬೇರೆ ಮಾಡಲಾಗದು. ಬೇಡವೆನ್ನುವ ಹಕ್ಕು ತಟ್ಟೆಯಲ್ಲಿರುವುದರ ಮೇಲೆ, ಪಕ್ಕದಲ್ಲಿ ಕೂತವರ ಮೇಲಲ್ಲ ಎಂದು ಸೇರುವ ದಿನವೇ ಹೇಳಿಬಿಡಬೇಕು. ಕರೆಯುವ ರೀತಿಯೂ ಹಾಗೆಯೇ. ಎಲ್ಲರನ್ನೂ ತಾತ, ಅಜ್ಜಿ ಎಂದು ಒಂದೇ ಸಾಲಿನಲ್ಲಿ ಕರೆಯುವುದು ಪ್ರೀತಿಯೇ ಇರಬಹುದು, ಆದರೆ ಊರಿನಲ್ಲಿ ಅವರು ಮೇಷ್ಟ್ರಾಗಿದ್ದರು, ರಂಗಮ್ಮನವರಾಗಿದ್ದರು. ಆ ಹೆಸರಿನಲ್ಲೇ ಕೂಗಿದರೆ ತಿರುಗುವ ಕತ್ತಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಮಾತೇ ತಪ್ಪಿಹೋದವರ ವಿಷಯ ಹೇಗೆ? ದೇಶದಲ್ಲಿ ಅರವತ್ತು ಮೀರಿದವರಲ್ಲಿ ನೂರಕ್ಕೆ ಏಳು ಮಂದಿಗೂ ಹೆಚ್ಚು ಡಿಮೆನ್ಶಿಯಾ, ನಮ್ಮ ಮಾತಿನಲ್ಲಿ ಅರಳುಮರಳು, ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸಂಜೆಯಾಗುತ್ತಿದ್ದಂತೆ ಇವರ ಚಡಪಡಿಕೆ ಹೆಚ್ಚುತ್ತದೆ. ಎದ್ದು ಬಾಗಿಲ ಕಡೆ ಹೋಗುತ್ತಾರೆ, ಚಿಲಕ ಅಲ್ಲಾಡಿಸುತ್ತಾರೆ, ತಡೆದರೆ ಕೂಗುತ್ತಾರೆ. ಕಾಯಿಲೆಯ ಲಕ್ಷಣವೇ ಅದು. ಆದರೆ ಅರವತ್ತು ವರ್ಷ ಹೊತ್ತು ಮುಳುಗುವ ಮುಂಚೆ ಹಸು ಹೊಡೆದುಕೊಂಡು ಬಂದು ಕೊಟ್ಟಿಗೆಯಲ್ಲಿ ಕಟ್ಟಿ, ದೀಪ ಹಚ್ಚಿದ ಹೆಂಗಸು ಆ ಹೊತ್ತಿಗೆ ಎದ್ದು ಹೊರಟರೆ ಅದರಲ್ಲಿ ಅರ್ಥವಿಲ್ಲ ಎನ್ನಲಾದೀತೇ? ನೆದರ್ಲೆಂಡ್ಸಿನ ವೇಸ್ಪ್ ಎಂಬ ಊರಿನಲ್ಲಿ 2009ರಲ್ಲಿ ಶುರುವಾದ ಹೊಗೆವೇಕ್ ಎಂಬ ಪುಟ್ಟ ಹಳ್ಳಿಯನ್ನು ಇಂಥವರಿಗಾಗಿಯೇ ಕಟ್ಟಿದ್ದಾರೆ. ಒಳಗೆ ಬೀದಿ, ಅಂಗಡಿ, ಚೌಕ ಎಲ್ಲ ಇವೆ, ಎತ್ತ ಹೋದರೂ ಸುತ್ತಿ ಮನೆಗೇ ಬರುತ್ತಾರೆ. ನಮ್ಮಲ್ಲಿ ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಸ್ತೂರಿನಗರದಲ್ಲಿ 2010ರಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಒಂದು ಕೇಂದ್ರ ತೆರೆದಿದೆ. ಹುಳಿಯಾರಿನ ಮಟ್ಟಕ್ಕೆ ಇಷ್ಟು ಸಾಕು: ಬೇಲಿಯೊಳಗಿನ ಅರ್ಧ ಎಕರೆ ತೋಟ, ಅದರಲ್ಲಿ ತಿರುಗಿ ತಿರುಗಿ ಹಟ್ಟಿ ಬಾಗಿಲಿಗೇ ಬರುವ ಕಾಲುದಾರಿ, ಒಂದು ಹಸು, ಸಂಜೆ ಜೊತೆಯಲ್ಲಿ ಹೋಗಿ ಹಗ್ಗ ಹಿಡಿಯುವ ಒಬ್ಬ ಹುಡುಗಿ. ಬಾಗಿಲಿಗೆ ಬೀಗ ಜಡಿದು ನಿದ್ದೆ ಮಾತ್ರೆ ಕೊಡುವುದಕ್ಕಿಂತ ಇದು ಕಷ್ಟದ ಕೆಲಸವೇನಲ್ಲ.

ದುಡ್ಡೆಲ್ಲಿಂದ ಎಂಬ ಪ್ರಶ್ನೆಗೆ ನನ್ನ ಉತ್ತರ, ದೊಡ್ಡದನ್ನು ಕಟ್ಟುವ ಹಟ ಬಿಡಬೇಕು. ಬಾಗಿಲು ಹಾಕಿಕೊಂಡ ತೊಟ್ಟಿಮನೆಗಳು ಈ ಸೀಮೆಯ ಹಳ್ಳಿಗಳಲ್ಲಿವೆ. ಅವುಗಳಲ್ಲಿ ಒಂದನ್ನು ದುರಸ್ತಿ ಮಾಡಿ ಹತ್ತು ಜನ ಇರುವ ಮನೆ ಮಾಡಬಹುದು. ಅಮೆರಿಕದಲ್ಲಿ ಬಿಲ್ ಥಾಮಸ್ ಎಂಬ ವೈದ್ಯರು 2003ರಿಂದ ಕಟ್ಟಿಸುತ್ತ ಬಂದ ಗ್ರೀನ್ ಹೌಸ್ ಎಂಬ ಹಿರಿಯರ ಮನೆಗಳದೂ ಇದೇ ಅಳತೆ, ಮನೆಗೆ ಹತ್ತು ಹನ್ನೆರಡು ಮಂದಿ. ರಾತ್ರಿ ಇರಬೇಕಾಗಿಲ್ಲದವರಿಗೆ ಹಗಲು ಮಾತ್ರ ತೆರೆದಿರುವ ಕೇಂದ್ರ ಸಾಕು, ಹಿರಿಯರ ಹಗಲು ಯೋಗಕ್ಷೇಮ ಕೇಂದ್ರ ಎಂಬ ಏರ್ಪಾಟು ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ, ಅದು ಹೋಬಳಿಗೆ ಇಳಿಯಬೇಕು ಅಷ್ಟೇ. ಡೆವೆಂಟರ್ ಎಂಬ ಡಚ್ ಊರಿನ ಹ್ಯುಮನಿಟಾಸ್ ಆಶ್ರಮದಲ್ಲಿ ಕಾಲೇಜು ಹುಡುಗರು ಬಾಡಿಗೆಯಿಲ್ಲದೆ ಇರುತ್ತಾರೆ, ಅದಕ್ಕೆ ಬದಲಾಗಿ ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ಸುತ್ತಲ ಹಳ್ಳಿಗಳಿಂದ ಕಾಲೇಜಿಗೆಂದು ಬರುವ ಮಕ್ಕಳಿಗೆ ಹುಳಿಯಾರಿನಲ್ಲೂ ಕೋಣೆ ಬೇಕು.

ಇಷ್ಟೆಲ್ಲ ಚೆನ್ನಾಗಿ ಮಾಡಿಟ್ಟರೆ ಮಕ್ಕಳು ಇನ್ನೂ ಸಲೀಸಾಗಿ ತಂದು ಬಿಡುವುದಿಲ್ಲವೇ ಎನ್ನುವವರಿದ್ದಾರೆ. ಮಕ್ಕಳ ಹೊಣೆಯನ್ನು ಕಾನೂನು ಮರೆತಿಲ್ಲ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ತೋಟ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೇ ರದ್ದು ಮಾಡಿಸಲು 2007ರ ಕಾಯ್ದೆಯ 23ನೇ ಕಲಮಿನಲ್ಲಿ ಅವಕಾಶವಿದೆ, ತಿಪಟೂರಿನ ಉಪವಿಭಾಗಾಧಿಕಾರಿಗಳ ಮುಂದೆ ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು. ಆದರೆ ಆಶ್ರಮ ಕೆಟ್ಟದಾಗಿರಲಿ, ಆಗ ಮಕ್ಕಳು ನಾಚಿಕೊಂಡು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ ಎಂಬ ಲೆಕ್ಕಕ್ಕೆ ದಂಡ ತೆರುವವರು ಮಕ್ಕಳಲ್ಲ, ಮಂಚದ ಮೇಲಿರುವವರು. ಮಕ್ಕಳೇ ಇಲ್ಲದವರು, ಮದುವೆಯಾಗದವರು, ಮಗನನ್ನು ಕಳೆದುಕೊಂಡವರು ಎಲ್ಲಿಗೆ ಹೋಗಬೇಕು?

ಕೊನೆಗೆ ಸಾವಿನ ಮಾತು. ಆಶ್ರಮಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಅಪಶಕುನ ಎಂದು. ಹಿರಿಯರಿಗೆ ಮಾತ್ರ ಅದರ ಭಯ ಅಷ್ಟಿರುವುದಿಲ್ಲ, ಅವರ ಚಿಂತೆ ಬೇರೆ. ಗುಣವಾಗದ ಸ್ಥಿತಿಯಲ್ಲಿ ಕೊಳವೆ ಹಾಕಿ ಉಳಿಸಿಕೊಳ್ಳಬೇಡಿ ಎಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, ಅದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ 2025ರ ಜನವರಿಯಲ್ಲಿ ಹೊರಡಿಸಿತು. ಆ ಕಾಗದ ತುಂಬಿಸಲು ನೆರವಾಗುವುದು ಆಶ್ರಮದ ಕೆಲಸವೇ. ಅದಕ್ಕಿಂತ ಆಳದ ಪ್ರಶ್ನೆ ಮಣ್ಣಿನದು. ಈ ಸೀಮೆಯ ಅನೇಕ ಮನೆತನಗಳಲ್ಲಿ ಸತ್ತವರನ್ನು ಸ್ವಂತ ತೋಟದಲ್ಲೇ, ಹಿರಿಯರ ಪಕ್ಕದಲ್ಲಿ ಮಣ್ಣು ಮಾಡುತ್ತಾರೆ. ತೋಟ ಮಾರಿಹೋಗಿರಬಹುದು, ಮಗ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಇದನ್ನು ಯಾರನ್ನು ಕೇಳುವುದು ಎಂದು ಎಷ್ಟು ಜನ ರಾತ್ರಿ ಕಣ್ಣು ತೆರೆದು ಮಲಗಿರುತ್ತಾರೋ. ಸೇರುವ ದಿನ ತುಂಬಿಸುವ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಕಾಯಿಲೆ, ಮಾತ್ರೆ ಎಂಬ ಕಲಮುಗಳ ಕೆಳಗೆ ಇನ್ನೊಂದು ಇರಲಿ: ಎಲ್ಲಿ ಮಣ್ಣು ಮಾಡಬೇಕು, ಯಾವ ಮರದ ಬುಡದಲ್ಲಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಂಡು, ಆ ತೋಟ ಈಗ ಯಾರದಾಗಿದೆಯೋ ಅವರನ್ನು ಆಶ್ರಮದವರೇ ಹೋಗಿ ಕಂಡು ಒಂದು ಮಾತು ಕೇಳಿ ಬರಲಿ.